ಎರೆದಿನ್ನಿಯ ಕುಂತವ್ವನ ಬಾವಿ

ಎರೆದಿನ್ನಿಯ ಊರ ಬಾಗಿಲಿಗೆ ಎದುರಾಗಿ ಚೌಕನೆಯ ಬಾವಿಯೊಂದಿದೆ. ಇಣುಕಿದ ಹೊಸಬರು ತಬ್ಬಿಬ್ಬಾಗುತ್ತಾರೆ. ಮೇಲೆ ಕೆಲವು ಅಗಲವಾದ ಮೆಟ್ಟಿಲುಗಳಿವೆ, ಕೆಳಗೆ ಬರೀ ಒಡೆದ ಕಲ್ಲಿನ ಗೋಡೆ. ಕಟ್ಟುವವರು ಅರ್ಧಕ್ಕೇ ಬಿಟ್ಟರೇ ಎಂದು ಕೇಳುವ ಜಾಣರೂ ಇದ್ದಾರೆ. ಕಟ್ಟಿದ್ದು ಪೂರ್ತಿಯೇ, ಒಡೆದವನು ಕಟ್ಟಿಸಿದ ಮನೆತನದವನೇ.

ಹಿಂದೆ ಒಮ್ಮೆ ಈ ಊರಿನಲ್ಲಿ ನಾರುಹುಣ್ಣು ಕಾಣದ ಮನೆ ಇರಲಿಲ್ಲ ಎನ್ನುತ್ತಾರೆ. ಬೇಸಿಗೆ ಬಂತೆಂದರೆ ಕಾಲು ಬಾತು, ಹುಣ್ಣು ಒಡೆದು, ದಾರದಂಥ ಹುಳ ಹೊರಗೆ ತಲೆ ಹಾಕುತ್ತಿತ್ತು. ಬಾವಿಯ ಗಂಗವ್ವ ಹುಳವನ್ನು ಎಳೆದುಕೊಳ್ಳುತ್ತಾಳೆಂದು ನಂಬಿ, ಹುಣ್ಣಿನ ಕಾಲನ್ನು ನೀರಿನಲ್ಲಿ ಇಳಿಬಿಟ್ಟು ನಿಲ್ಲುವ ಹರಕೆ ನಡೆಯುತ್ತಿತ್ತು. ಅದೇ ನೀರನ್ನು ಊರೆಲ್ಲ ಕುಡಿಯುತ್ತಿತ್ತು. ಮಠದಲ್ಲಿ ರೋಗಿಗಳ ಆರೈಕೆ ಮಾಡುತ್ತಿದ್ದ ಚೆನ್ನಬಸವ್ವ ಒಬ್ಬಳೇ ಹುಳವನ್ನು ಕಡ್ಡಿಗೆ ಸುತ್ತಿ, ದಿನಕ್ಕಿಷ್ಟು ಎಳೆದು, ತುಂಡಾಗದಂತೆ ತೆಗೆಯಬಲ್ಲವಳು. ಕುಡಿಯುವವರ ಒಡಲಿನಲ್ಲಿ ಶಿವನಿದ್ದಾನೆ, ಅವನಿಗೆ ಕೊಳೆ ನೀರು ಎರೆಯಬಾರದು ಎಂಬುದು ಅವಳ ನಂಬಿಕೆ. ಮಠದ ಸೇದುಬಾವಿಯ ನೀರನ್ನೂ ಬಟ್ಟೆಯಲ್ಲಿ ಸೋಸಿಯೇ ಕೊಡುತ್ತಿದ್ದಳು. ಆ ನೀರನ್ನೇ ಕುಡಿಯುವ ಮಠದವರಲ್ಲಿ ಯಾರಿಗೂ ಹುಣ್ಣಿರಲಿಲ್ಲ. ಅದನ್ನು ಕಂಡ ಮೇಲೆ, ಹುಣ್ಣಿನ ಕಾಲಿನಲ್ಲಿ ಬಾವಿಗೆ ಇಳಿಯಬೇಡಿ ಎಂದು ಮನೆಮನೆಗೆ ಹೋಗಿ ಹೇಳಿದಳು. ಕೇಳಿದವರು ನಕ್ಕರು.

ಊರಗೌಡ ಸಂಕನಗೌಡನಿಗೆ ಇದ್ದವಳು ಒಬ್ಬಳೇ ಮಗಳು, ಬಾಳವ್ವ. ಅವಳ ಕಾಲಿನಲ್ಲೂ ಹುಳ ಕಾಣಿಸಿತು. ನೋವಿಗೆ ಚೀರುವ ಮಗಳನ್ನು ಹೆಗಲಿಗೆ ಹಾಕಿಕೊಂಡು, ಗೌಡ ಜನರೊಂದಿಗೆ ಬಾವಿಗೆ ಬಂದರೆ, ಮೆಟ್ಟಿಲಿಗೆ ಅಡ್ಡವಾಗಿ ಚೆನ್ನಬಸವ್ವ ಕೂತಿದ್ದಳು.

“ಹುಳ ನಾ ತಗೀತೀನ್ರಿ ಗೌಡ್ರ. ಕೂಸಿನ್ನ ನೀರಿಗಿಳಸಬ್ಯಾಡ್ರಿ.”

“ಗಂಗವ್ವನ ಹರಕಿಗೆ ಅಡ್ಡ ಕುಂದರಾಕ ನೀ ಯಾರಬೇ? ಏಳು.”

ಅವಳು ಏಳಲಿಲ್ಲ. ಗೌಡನಿಗೆ ಮೈಯೆಲ್ಲ ಉರಿಯಿತು. ಮಗಳನ್ನು ಆಳಿನ ಕೈಗೆ ಕೊಟ್ಟು ಬಡಿಗೆ ಎತ್ತಿದ. ಮೊದಲ ಏಟಿಗೆ ಅವಳ ತೋಳು ಮುರಿಯಿತು, ಮುಂದಿನದಕ್ಕೆ ತಲೆ ಒಡೆಯಿತು. ಗೌಡನೇ ಕೈ ಮಾಡಿದ ಮೇಲೆ ಉಳಿದವರಿಗೆ ಏನು ಅಂಜಿಕೆ? ಕಲ್ಲು ಬಿದ್ದವು. ಕೂತಲ್ಲೇ ಅವಳ ಜೀವ ಹೋಯಿತು. ನೆತ್ತರು ಮೆಟ್ಟಿಲಿಳಿದು ನೀರು ಸೇರಿತು.

ನೆತ್ತರು ಬಿದ್ದ ನೀರಿಗೆ ಇಳಿಯಬಾರದೆಂದು ಜನ ಹಿಂದೆ ಸರಿದರು. ಹರಕೆಯೂ ತಪ್ಪಿತು, ಹುಳ ತೆಗೆಯುವ ಕೈಯೂ ಉಳಿಯಲಿಲ್ಲ. ಮಗಳ ಗೋಳು ತಾಳಲಾರದೆ ಗೌಡ ತಾನೇ ಹುಳವನ್ನು ಜಗ್ಗಿದ. ಅದು ಒಳಗೇ ತುಂಡಾಯಿತು. ಕಾಲು ಕೊಳೆತು ಬಾಳವ್ವ ಸತ್ತಳು. ಊರು ಬೇರೆ ದಾರಿಯಿಲ್ಲದೆ ಮಠದ ಸೋಸಿದ ನೀರಿಗೆ ಕೊಡ ಹಿಡಿಯಿತು. ಒಂದು ಬೇಸಿಗೆ ಕಳೆದು ಇನ್ನೊಂದು ಬಂದಾಗ ಯಾರ ಕಾಲಿನಲ್ಲೂ ಹುಳ ಕಾಣಲಿಲ್ಲ. ಆಗ ಸಂಕನಗೌಡ, ಇನ್ನು ಯಾರೂ ನೀರಿಗೆ ಇಳಿಯದಂತೆ, ಹಾರೆ ಹಿಡಿದು ತನ್ನ ಅಜ್ಜ ಕಟ್ಟಿಸಿದ ಮೆಟ್ಟಿಲುಗಳನ್ನು ತಳದಿಂದ ಒಡೆಯುತ್ತ ಬಂದ. ಅಂಗೈ ಹರಿದರೂ ಬಿಡಲಿಲ್ಲ. ಅವಳು ಕೂತ ಮೆಟ್ಟಿಲು ಬಂದಾಗ ಹಾರೆಯನ್ನು ನೀರಿಗೆ ಎಸೆದ ಎನ್ನುತ್ತಾರೆ.

ಕೂತಲ್ಲೇ ಜೀವ ಬಿಟ್ಟವಳನ್ನು ಊರು ಕುಂತವ್ವ ಎಂದಿತು; ಇಂದಿಗೂ ಕುಂತವ್ವನ ಬಾವಿಯ ನೀರನ್ನು ಮೇಲಿನಿಂದಲೇ ಸೇದಿ, ಕೊಡದ ಬಾಯಿಗೆ ಬಟ್ಟೆ ಹಾಸಿಯೇ ತುಂಬುತ್ತಾರೆ. ಅವಳು ಕೂತಿದ್ದ, ಒಡೆಯದೆ ಉಳಿದ ಆ ಕೊನೆಯ ಮೆಟ್ಟಿಲಿನ ಮೇಲೆ ಯಾರೂ ಕಾಲಿಡುವುದಿಲ್ಲ. ವರ್ಷಕ್ಕೊಮ್ಮೆ ಗೌಡರ ಮನೆತನದ ಹಿರಿಯ ಬಂದು, ಅದರ ಮೇಲಿನ ಮೆಟ್ಟಿಲಿನಲ್ಲಿ ಕೂತು, ಸೋಸಿದ ನೀರಿನಿಂದ ಅವಳ ಮೆಟ್ಟಿಲನ್ನು ತೊಳೆಯುತ್ತಾನೆ. ತೊಳೆದು ಮುಗಿದರೂ, ಮಠದ ಹೆಣ್ಣುಮಗಳೊಬ್ಬಳು ಬಂದು “ಏಳು” ಎನ್ನುವ ತನಕ ಅವನು ಏಳುವಂತಿಲ್ಲ.