ಕಟ್ಟು ಕಟ್ಟಿದ ಮೇಲೆ

ಹೊಳೆಯ ದಂಡೆಯ ಮೇಲೊಂದು ಮಠ. ಅಲ್ಲಿ ಮುರಿಗಯ್ಯ ಎಂಬ ಗುರು ಮುರಿದ ಎಲುಬು ಕೂಡಿಸಿ ಕಟ್ಟು ಕಟ್ಟುತ್ತಿದ್ದರು. ಆ ವಿದ್ಯೆ ಬೇಕೆಂದು ಬಂದ ಹರೆಯದವರು ಅವರ ಬಳಿಯೇ ಉಳಿದು, ಕೆಲಸ ಮಾಡುತ್ತ ಕಲಿಯುತ್ತಿದ್ದರು.

ಅವರಲ್ಲಿ ಭರಮ ಎಲ್ಲರಿಗಿಂತ ಚುರುಕು. ಎಲ್ಲರಿಗಿಂತ ಅವಸರದವನೂ ಅವನೇ. ಊಟಕ್ಕೆ ಕೂತರೂ ಮೊಣಕಾಲು ಕುಣಿಯುತ್ತಲೇ ಇರುತ್ತಿತ್ತು.

ಒಡೆದ ಮಡಕೆಯ ಚೂರುಗಳನ್ನು ಚೀಲದಲ್ಲಿ ತುಂಬಿ, ಹೊರಗಿನಿಂದಲೇ ತಡವಿ ಚೂರಿಗೆ ಚೂರು ಹೊಂದಿಸುವುದು ಅಲ್ಲಿನ ಮೊದಲ ಪಾಠ. ಉಳಿದವರು ತಡಕಾಡುತ್ತಿರುವಾಗಲೇ ಭರಮ ಕಣ್ಣು ಮುಚ್ಚಿಕೊಂಡು ಹೊಂದಿಸಿಬಿಡುತ್ತಿದ್ದ.

ಒಂದು ದಿನ ಅವನು ಗುರುವಿನ ಮುಂದೆ ನಿಂತ.

"ಗುರುಗಳ, ನನಗ ಎಲುಬು ಕೂಡಿಸೋ ಕೆಲಸ ಕೊಡ್ರಿ."

"ಕೈ ಚಲೋ ಐತಿ ನಿಂದು," ಎಂದರು ಮುರಿಗಯ್ಯ. "ನಾಳಿಂದ ಊರಾಗ ಹೋಗು. ನಾವು ಕಟ್ಟಿದ ಕಟ್ಟು ನೋಡ್ಕೊಂಡು ಬಾ."

"ಬರೇ ನೋಡೋದಾ?"

"ಬರೇ ನೋಡೋದು."

ಭರಮನ ಮುಖ ಸಣ್ಣದಾಯಿತು. ಆದರೂ ಹೋದ. ಮೊದಮೊದಲು ಒಳಗೆ ಹೋಗಿ ಕೂತು ವಿಚಾರಿಸುತ್ತಿದ್ದ. ಬರಬರುತ್ತ ಹೊಸ್ತಿಲಲ್ಲೇ ನಿಂತು, "ಆರಾಮ ಅದೀರಿಲ್ಲೋ?" ಎಂದು ಕೂಗಿ, ಉತ್ತರ ಬರುವ ಮೊದಲೇ ಮುಂದಿನ ಮನೆಗೆ ನಡೆಯತೊಡಗಿದ. ಎಲುಬು ಕೂಡಿಸಬೇಕಾದ ಕೈ ಓಣಿ ಓಣಿ ತಿರುಗಿ ಹಾಳಾಗುತ್ತಿದೆ ಎಂದು ಅವನಿಗೆ ಅನಿಸುತ್ತಿತ್ತು. ಯಾರದಾದರೂ ಎಲುಬು ಮುರಿಯಲಿ, ಆ ಹೊತ್ತಿಗೆ ಗುರುಗಳು ಇಲ್ಲದೇ ಹೋಗಲಿ ಎಂದು ಕೂಡ ಅನಿಸುತ್ತಿತ್ತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು.

ಹಾಗೇ ಆಯಿತು.

ದೂರದ ಹಳ್ಳಿಯಲ್ಲಿ ಗೋಡೆ ಕುಸಿದು ಕೆಲವರ ಕೈಕಾಲು ಮುರಿದಿದ್ದವು. ಮುರಿಗಯ್ಯ ಅಲ್ಲಿಗೆ ಹೋಗಿದ್ದರು. ಅದೇ ದಿನ ನೇಕಾರರ ನೀಲವ್ವ ಮಗಳನ್ನು ಎತ್ತಿಕೊಂಡು ಓಡುತ್ತ ಬಂದಳು. ಮಗಳ ಹೆಸರು ಹೊನ್ನಿ. ಅಟ್ಟದಿಂದ ಬಿದ್ದು ಮುಂಗೈ ಮುರಿದಿತ್ತು.

"ಗುರುಗಳು ಇಲ್ಲೇನ್ರಿ?"

"ನಾ ಅದೀನಿ," ಎಂದ ಭರಮ.

ಅವನು ಕಣ್ಣು ಮುಚ್ಚಿ ಮುಂಗೈ ತಡವಿದ. ಎಲುಬಿನ ಎರಡೂ ತುದಿ ಸಿಕ್ಕವು. ಎಳೆದು, ತಿರುವಿ, ಬಿಟ್ಟ. ಎಲುಬು ತನ್ನ ಜಾಗಕ್ಕೆ ಬಂದು ಕೂತದ್ದು ಅವನ ಬೆರಳಿಗೇ ತಿಳಿಯಿತು. ಮೈಯೆಲ್ಲ ಜುಮ್ಮೆಂದಿತು. ಮತ್ತೆ ಜಾರಬಾರದೆಂದು ಬಿದಿರು ದಬ್ಬೆ ಇಟ್ಟು, ಬಟ್ಟೆ ಸುತ್ತಿ, ಗಟ್ಟಿಯಾಗಿ ಬಿಗಿದ.

"ಭಾಳ ಬಿಗಿ ಆತು," ಎಂದಳು ಹೊನ್ನಿ.

"ಬಿಗಿ ಇರಬೇಕು."

"ಏನರ ಜ್ವಾಕಿ ಮಾಡ್ಬೇಕೇನ್ರಿ?" ಎಂದು ನೀಲವ್ವ ಕೇಳಿದಳು.

"ಏನಽ ಆದ್ರೂ ಕಟ್ಟು ಬಿಚ್ಚಬ್ಯಾಡ್ರಿ. ಅಷ್ಟ."

ಅವರಿನ್ನೂ ಮೆಟ್ಟಿಲು ಇಳಿಯುತ್ತಿದ್ದರು. ಅಷ್ಟರಲ್ಲೇ ಭರಮ ಜೊತೆಯವರಿಗೆ ಹೇಳಲು ಒಳಗೆ ಓಡಿದ್ದ.

ಮರುದಿನ ಹೊತ್ತು ಏರಿದ ಮೇಲೆ ಮುರಿಗಯ್ಯ ಬಂದರು. ಅವರು ಕಾಲು ತೊಳೆಯುವುದಕ್ಕೂ ಬಿಡದೆ ಭರಮ ಎಲ್ಲ ಹೇಳಿದ. ಎಲುಬು ಹೇಗೆ ಸಿಕ್ಕಿತು, ಹೇಗೆ ಕೂತಿತು, ಎಲ್ಲ.

"ನಿನ್ನೆ ಸಂಜಿಗೆ ಹೋಗಿ ನೋಡಿದ್ಯಾ?"

"ಇಲ್ಲ."

"ಇವತ್ತ ಮುಂಜಾನೆ?"

"ನೀವು ಬರೋ ದಾರಿ ಕಾಯ್ತಿದ್ದೆ, ಗುರುಗಳ. ಹೇಳ್ಬೇಕಂತ."

ಮುರಿಗಯ್ಯ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟರು.

"ಹೆಂಗ ಕಟ್ಟೀದಿ, ತೋರ್ಸು."

ಭರಮ ತನ್ನ ಎಡ ಮುಂಗೈಗೆ ಬಟ್ಟೆ ಸುತ್ತಿ ತೋರಿಸಿದ. "ಇಷ್ಟ ಬಿಗಿನಾ?" ಎಂದರು ಗುರು. "ಇನ್ನೂ ಒಂಚೂರು," ಎಂದ ಅವನು. ಗುರು ಆ ಒಂಚೂರನ್ನೂ ಎಳೆದು ಗಂಟು ಹಾಕಿದರು.

"ನಡಿ."

ನೇಕಾರರ ಓಣಿ ಹೊಳೆಯಿಂದ ದೂರ. ಮುರಿಗಯ್ಯ ಎಂದೂ ಅಷ್ಟು ಬೇಗ ನಡೆದವರಲ್ಲ. ಅರ್ಧ ದಾರಿಯಲ್ಲಿ ಭರಮನ ಬೆರಳು ಜೋಮು ಹಿಡಿದವು. ಆಮೇಲೆ ಸಿಡಿಯತೊಡಗಿದವು.

"ಗುರುಗಳ, ಒಂಚೂರು ಸಡ್ಲ ಮಾಡ್ಲ್ಯಾ?"

ಗುರು ನಿಲ್ಲಲಿಲ್ಲ. "ಆ ಹುಡುಗೀನೂ ಹಿಂಗ ಕೇಳಿದ್ಲಾ?"

ಭರಮ ತನ್ನ ಬೆರಳು ನೋಡಿಕೊಂಡ. ಓಡಿದ. ಗುರುವನ್ನು ಹಿಂದೆ ಬಿಟ್ಟು ಓಡಿದ.

ಹೊನ್ನಿ ಮೂಲೆಯಲ್ಲಿ ಮಲಗಿದ್ದಳು. ಅತ್ತು ಅತ್ತು ದನಿ ಉಡುಗಿತ್ತು. ಕಟ್ಟಿನ ತುದಿಯಲ್ಲಿ ಬೆರಳುಗಳು ಬಾತು, ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು.

"ಬಿಚ್ಚಬೇಕಿತ್ತಲ್ಲ, ಅವ್ವಾ!" ಎಂದು ಭರಮ ಚೀರಿದ.

ನೀಲವ್ವ ಅವನನ್ನೇ ನೋಡಿದಳು.

"ನೀವಽ ಬಿಚ್ಚಬ್ಯಾಡ ಅಂದ್ರಲ್ರಿ."

ಹಿಂದೆಯೇ ಬಂದ ಮುರಿಗಯ್ಯ ಮೊದಲು ಮಗುವಿನ ಕಟ್ಟು ಕತ್ತರಿಸಿದರು. ಆಮೇಲೆ ಭರಮನದು. ದಬ್ಬೆಯನ್ನು ಸಡಿಲವಾಗಿ ಮತ್ತೆ ಕಟ್ಟಿ, ಆ ಪುಟ್ಟ ಕೈಯನ್ನು ದಿಂಬಿನ ಮೇಲೆ ಎತ್ತರಕ್ಕೆ ಇಟ್ಟು ಕೂತರು.

ಮಾಡಲು ಬೇರೆ ಏನೂ ಇರಲಿಲ್ಲ. ಭರಮ ಎದ್ದ, ಕೂತ, ಬಾಗಿಲ ತನಕ ಹೋಗಿ ಬಂದ. ಅವನ ಕೈಗೆ ಆಗಲೇ ರಕ್ತ ಹರಿದು ಬಣ್ಣ ಬಂದಿತ್ತು. ಅದನ್ನು ಅವನು ಬೆನ್ನ ಹಿಂದೆ ಮರೆಮಾಡಿಕೊಂಡ.

ಸಂಜೆಯ ಹೊತ್ತಿಗೆ ಹೊನ್ನಿಯ ಬೆರಳುಗಳಿಗೆ ಜೀವ ಬಂತು. ಉಂಗುರದ ಬೆರಳು ಮತ್ತು ಕಿರುಬೆರಳು ಮಾತ್ರ ಮುಟ್ಟಿದರೂ ಮುಟ್ಟಿದಂತೆ ಆಗುತ್ತಿಲ್ಲ ಎಂದಳು.

ಅವಳ ಅಪ್ಪ ರಾಚಪ್ಪ ಮಗ್ಗ ಬಿಟ್ಟು ಎದ್ದು ಬಂದ. ಅವನು ಬೈಯಲಿಲ್ಲ. "ನಮ್ಮ ಮನ್ಯಾಗ ಬೆರಳಽ ಬದುಕು, ತಮ್ಮಾ," ಎಂದಷ್ಟೇ ಹೇಳಿ ಮತ್ತೆ ಮಗ್ಗದ ಕುಣಿಗೆ ಇಳಿದ.

ಮರುದಿನ ಬೆಳಿಗ್ಗೆ ಭರಮ ಗಂಟು ಕಟ್ಟಿಕೊಂಡು ಹೊಳೆಯ ದಂಡೆಗೆ ಬಂದ. ಮುರಿಗಯ್ಯ ಅಲ್ಲೇ ಬಟ್ಟೆ ಒಗೆಯುತ್ತಿದ್ದರು.

"ಊರಿಗೆ ಹೊಂಟೆ, ಗುರುಗಳ. ಈ ವಿದ್ಯೆ ನನಗ ಸಲ್ಲಂಗಿಲ್ಲ."

"ಹೋಗು."

ಭರಮ ಹೋಗಲಿಲ್ಲ. ಗುರು ಬಟ್ಟೆ ಹಿಂಡಿದರು.

"ಆ ಕೂಸಿನ ಬೆರಳು ದಿನಾ ತಿಕ್ಕಬೇಕು," ಎಂದರು. "ಯಾರು ತಿಕ್ತಾರ?"

"ನೀವು ತಿಕ್ಕೂದಿಲ್ಲೇನ್ರಿ?"

"ನಾ ಕಟ್ಟಿಲ್ಲ."

ಭರಮ ಗಂಟನ್ನು ಮಠದ ಪಡಸಾಲೆಯಲ್ಲಿ ಎಸೆದು ನೇಕಾರರ ಓಣಿಗೆ ನಡೆದ.

ರಾಚಪ್ಪ ಅವನನ್ನು ಒಳಗೆ ಕರೆಯಲಿಲ್ಲ. ಭರಮ ಹೊಸ್ತಿಲ ಹೊರಗೆ ನಿಂತ. ಬಿಸಿಲು ಏರಿತು. ಮಗ್ಗದ ಸಪ್ಪಳ ಒಂದೇ ಸಮನೆ ಕೇಳುತ್ತಿತ್ತು. ಕಾಲು ಓಡು ಓಡು ಎನ್ನುತ್ತಿದ್ದವು. ಕೊನೆಗೆ ನೀಲವ್ವ, "ಬರ್ರಿ," ಎಂದಳು.

ಅವನು ಎಣ್ಣೆ ಬೆಚ್ಚಗೆ ಮಾಡಿ ಒಂದೊಂದೇ ಬೆರಳು ನೀವಿದ. ಹೊನ್ನಿ ಮುಖ ಗೋಡೆಗೆ ತಿರುಗಿಸಿಕೊಂಡಿದ್ದಳು.

"ನೋಯ್ತದೇನವ್ವಾ?"

ಉತ್ತರ ಬರಲಿಲ್ಲ. ಅವನು ಕಾದ. ಕೈ ನಿಲ್ಲಿಸಿಕೊಂಡು ಕಾದ.

"ಇಲ್ಲಿ," ಎಂದಳು ಅವಳು, ಬಹಳ ಹೊತ್ತಿನ ಮೇಲೆ.

ದಿನಾ ಹೋದ. ಹೊನ್ನಿಯ ಕೈ ನಿಂತದ್ದರಿಂದ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವವರು ಆ ಮನೆಯಲ್ಲಿ ಇರಲಿಲ್ಲ. ಆ ಕೆಲಸವನ್ನೂ ಭರಮನೇ ಮಾಡತೊಡಗಿದ. ನೂಲು ಅವನ ಕೈಯಲ್ಲಿ ತುಂಡಾಯಿತು, ಸಿಕ್ಕಾಯಿತು. "ಎಳಿಬ್ಯಾಡ್ರಿ," ಎಂದಳು ಹೊನ್ನಿ, ಮೊದಲ ಸಲ ಅವನ ಕಡೆ ತಿರುಗಿ. "ಅದು ಬಂದಷ್ಟು ಬರ್ಲಿ." ಅವನ ಸಿಕ್ಕು ನೋಡಿ ನಕ್ಕೂಬಿಟ್ಟಳು. ಮಗ್ಗದ ಕುಣಿಯಲ್ಲಿ ರಾಚಪ್ಪನ ಕೈ ಒಂದು ಗಳಿಗೆ ನಿಂತು, ಮತ್ತೆ ಓಡಿತು.

ಚಳಿ ಬರುವ ಹೊತ್ತಿಗೆ ಉಂಗುರದ ಬೆರಳು ಮಡಚಿತು. ಕಿರುಬೆರಳು ಮಡಚಲಿಲ್ಲ. ಆಮೇಲೂ ಮಡಚಲಿಲ್ಲ. ಅದನ್ನು ಹೊರಗೆ ಚಾಚಿಕೊಂಡೇ ನೂಲು ಸುತ್ತಲು ಹೊನ್ನಿ ಕಲಿತಳು. ಈಗ ಭರಮ ಆ ಮನೆಗೆ ಬಂದರೆ ರಾಚಪ್ಪ, "ಕೂಡು," ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚು ಮಾತಿಲ್ಲ.

ಹೀಗಿರುವಾಗ ಹೊಳೆಯ ಆಚೆಯಿಂದ ಒಬ್ಬ ಅಂಬಿಗನನ್ನು ಕರೆತಂದರು. ಮುಂಗೈ ಮುರಿದಿತ್ತು. ನೋವಿಗೆ ಹಲ್ಲು ಕಚ್ಚಿ ಕೂತಿದ್ದ.

ಮುರಿಗಯ್ಯ ಎದ್ದು ಜಾಗ ಬಿಟ್ಟರು.

"ಭರಮಾ, ನೀ ಕೂಡು."

ಭರಮ ಅಂಬಿಗನ ಮುಂದೆ ಕೂತ. ಎಲ್ಲಿ ನೋಯುತ್ತದೆ ಎಂದು ಕೇಳಿದ. ಮನೆಯಲ್ಲಿ ಯಾರಿದ್ದಾರೆ, ಕಟ್ಟು ನೋಡಿಕೊಳ್ಳುವವರು ಯಾರು ಎಂದು ಕೇಳಿದ. ದಬ್ಬೆ, ಬಟ್ಟೆ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಮುಂಗೈ ಮುಟ್ಟಲು ಚಾಚಿದ ಕೈಯನ್ನು ಅರ್ಧಕ್ಕೇ ತಡೆದ.

"ಗುರುಗಳ," ಎಂದ ಮೆಲ್ಲಗೆ, "ನನ್ನ ಕೈ ನಡುಗಾಕತ್ತಾವು."

"ನಡುಗದ ಕೈಲೆ ಒಮ್ಮೆ ಕಟ್ಟೀದಿ," ಎಂದರು ಮುರಿಗಯ್ಯ. "ಇವತ್ತ ಈ ಕೈಲೆ ಕಟ್ಟು."