ಚಾಣನ ಹಿಂದಲೆಯ ಕಣ್ಣು

ಮಕ್ಕಳೇ, ಬೇಟೆಹಕ್ಕಿ ಎಂದರೆ ಹದ್ದಿನಷ್ಟು ದೊಡ್ಡದೇ ಇರಬೇಕೆಂದಿಲ್ಲ. ಹಳ್ಳದ ದಂಡೆಯ ಕಾಡಿನಲ್ಲಿ ಗುಬ್ಬಿ ಗಾತ್ರದ ಒಬ್ಬ ಚಾಣನಿದ್ದ. ಕಪ್ಪು ಬೆನ್ನು, ಬೆಳ್ಳನೆಯ ಎದೆ, ಕೊಂಡಿಯಂತೆ ಬಾಗಿದ ಕೊಕ್ಕು. ಕುಟ್ರುಹಕ್ಕಿ ಕೊರೆದು ಬಿಟ್ಟುಹೋದ ಪೊಟರೆಯೇ ಅವನ ಮನೆ. ಸಿದ್ಧವಾಗಿ ಸಿಕ್ಕಿದ್ದನ್ನು ಬಿಟ್ಟು ಹೊಸದು ಕೊರೆಯಲು ಅವನೇನು ದಡ್ಡನೇ? ಒಳಗೆ ಹೆಂಡತಿ, ರೆಕ್ಕೆ ಬಲಿಯದ ಮರಿಗಳು.

ಅವನ ಹಿಂದಲೆಯಲ್ಲಿ ಎರಡು ಕಪ್ಪು ಮಚ್ಚೆಗಳಿದ್ದವು. ದೂರದಿಂದ ಥೇಟ್ ಕಣ್ಣುಗಳೇ! ಹಾಗಾಗಿ ಬೆನ್ನ ಹಿಂದೆ ಬರಲು ಯಾರಿಗೂ ಧೈರ್ಯವಿರಲಿಲ್ಲ.

"ಚಾಣಣ್ಣ, ನಿನಗೆ ಹಿಂದೆಯೂ ಕಾಣುತ್ತದಂತೆ, ಹೌದಾ?" ಎಂದು ಅಳಿಲು ಕೇಳುತ್ತಿತ್ತು.

"ಈಗ ನೀನು ಬಾಲ ಕೆರೆದುಕೊಂಡದ್ದೂ ಕಂಡಿತು!"

ಅಳಿಲು ಯಾವಾಗ ತಾನೇ ಬಾಲ ಕೆರೆದುಕೊಳ್ಳುತ್ತಿರಲಿಲ್ಲ?

ಹೀಗೆ ಹೇಳಿ ಹೇಳಿ, ಕೊನೆಗೆ ಚಾಣನಿಗೇ ಅದು ನಿಜವೆನಿಸಿಬಿಟ್ಟಿತು. ಬೋಳು ಕೊಂಬೆಯ ತುದಿಯಲ್ಲಿ ಕೂತು ಹಳ್ಳದ ಮೇಲಿನ ಏರೋಪ್ಲೇನ್ ಚಿಟ್ಟೆಗಳನ್ನಷ್ಟೇ ನೋಡುವನು. ಕತ್ತು ತಿರುಗಿಸುವುದನ್ನೇ ಬಿಟ್ಟ.

"ಏನೂಂದ್ರೆ, ಆಗಾಗ ಹಿಂದೆ ನೋಡ್ಕೊಳ್ಳಿ. ಕಾಡುಬೆಕ್ಕು ಈ ಕಡೆ ಸುಳಿದಾಡ್ತಿದೆ," ಎಂದಳು ಹೆಂಡತಿ.

"ಕಾವಲಿಗೆ ಹಿಂದೆ ಎರಡು ಕಣ್ಣಿವೆಯಲ್ಲೇ!"

"ಅದು ಬರೀ ಬಣ್ಣ ಕಣ್ರೀ!"

"ಹಾಗಾದರೆ ಕಾಡಿಗೆ ಕಾಡೇ ಸುಳ್ಳು ಹೇಳುತ್ತಾ?"

ಆ ಕಣ್ಣುಗಳಿಗೆ ಕಾಡುಬೆಕ್ಕೂ ಹೆದರುತ್ತಿತ್ತು. ಆದರೆ ಅಂದು ಗಾಳಿಗೆ ಧೂಳೆದ್ದಿತು. ಅವು ಮಿಟುಕಲಿಲ್ಲ. 'ಧೂಳಿಗೂ ಮಿಟುಕದ್ದು ಅದೆಂಥ ಕಣ್ಣು?' ಎಂದುಕೊಂಡು ಬೆಕ್ಕು ಮೆಲ್ಲನೆ ಮರ ಹತ್ತಿತು.

"ರೀ, ಹಿಂದೆ!" ಹೆಂಡತಿ ಚೀರಿದಳು.

ಚಾಣ ಕಲ್ಲಿನಂತೆ ಕೆಳಗೆ ಬಿದ್ದು, ನೀರಿನ ಹತ್ತಿರ ರೆಕ್ಕೆ ಬಿಚ್ಚಿದ. ಜೀವ ಉಳಿಯಿತು. ಬಾಲದ ಗರಿಯೊಂದು ಮಾತ್ರ ಬೆಕ್ಕಿನ ಬಾಯಲ್ಲಿತ್ತು.

"ಥೂ!" ಎಂದು ಬೆಕ್ಕು ಗರಿ ಉಗುಳಿತು. "ನಿನ್ನ ಗುಟ್ಟು ತಿಳಿಯಿತು ಬಿಡು. ನಾಳೆ ಬರುತ್ತೇನೆ, ಮರಿಗಳಿಗೂ ಹೇಳಿರು."

ಮರಿಗಳನ್ನು ಹಾರಿಸಿಕೊಂಡು ಹೋಗುವಂತಿಲ್ಲ. ಚಾಣ ಕೂತು ಯೋಚಿಸಿದ.

ಮರುದಿನ ಪೊಟರೆಯ ಬಾಯಲ್ಲಿ, ಎಲೆಗಳ ನೆರಳಿನಲ್ಲಿ, ಕೊಕ್ಕನ್ನು ಎದೆಯ ಗರಿಗಳಲ್ಲಿ ಹುದುಗಿಸಿ ಅಲುಗಾಡದೆ ಕೂತ. ಬೆಕ್ಕು ಬಂತು. ಮಿಟುಕದ ಎರಡು ಕಣ್ಣು ಕಂಡು ಕಿಸಕ್ಕನೆ ನಕ್ಕಿತು.

"ಇವತ್ತೂ ಬೆನ್ನು ತಿರುಗಿಸಿ ಕೂತೆಯಾ, ಪೆದ್ದಪ್ಪ?" ಎನ್ನುತ್ತ ಮೂತಿಯನ್ನು ಹತ್ತಿರ ತಂದಿತು.

ಕಚಕ್! ಅವು ಬಣ್ಣವಲ್ಲ, ನಿಜವಾದ ಕಣ್ಣುಗಳೇ! ಕೊಂಡಿಕೊಕ್ಕು ಮೂಗನ್ನೇ ಹಿಡಿಯಿತು.

ಬೆಕ್ಕು ಅರಚುತ್ತ ಹಳ್ಳಕ್ಕೆ ಬಿತ್ತು. ನೆನೆದು ತೊಪ್ಪೆಯಾಗಿ ಎದ್ದು ಓಡಿತು. ಯಾವುದು ಬಣ್ಣ, ಯಾವುದು ಕಣ್ಣು ಎಂಬುದು ತಿಳಿಯದೆ, ಮತ್ತೆಂದೂ ಆ ಮರದ ಕಡೆ ಸುಳಿಯಲಿಲ್ಲ. ಪೊಟರೆಯೊಳಗೆ ಮರಿಗಳು ನಿಶ್ಚಿಂತೆಯಾಗಿ ನಿದ್ದೆ ಹೋದವು.

"ಚಾಣಣ್ಣ, ಈಗಲೂ ಹಿಂದೆ ಕಾಣುತ್ತಾ?" ಅಳಿಲು ಕೇಳಿತು.

ಚಾಣ ಮೊದಲು ಕತ್ತು ತಿರುಗಿಸಿ ಹಿಂದೆಲ್ಲ ಚೆನ್ನಾಗಿ ನೋಡಿಕೊಂಡ. ಆಮೇಲೆ, "ಕಾಣದೆ ಏನು!" ಎಂದ.

ಪೊಟರೆಯೊಳಗಿಂದ ಹೆಂಡತಿಯ ನಗು ಕೇಳಿಸಿತು.

ನೀತಿ: ಊರವರಿಗೆಂದು ತೂಗುಹಾಕಿದ ಬೋರ್ಡನ್ನು ನಾವೇ ಓದಿ ನಂಬಬಾರದು.