ಬರ್ತೀನಿ ಎಂದವರನ್ನು ಬಿಡಬೇಡ

“ಬುದ್ಧಿ, ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸುವವನಿಂದಲೂ ಮನೆ ಕೆಡುತ್ತದೆಯೇ?” ಎಂದು ಶಿಷ್ಯ ಕೇಳಿದ.

ಆ ಮಠದಲ್ಲಿ ಗುರುಗಳನ್ನು ಎಲ್ಲರೂ ಬುದ್ಧಿ ಎಂದೇ ಕರೆಯುತ್ತಿದ್ದರು. ಶಿಷ್ಯನ ಪಾಲಿಗೆ ಬಂದಿದ್ದ ಸೇವೆ ಮಠದ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು. ಎಲ್ಲ ಕಂಪ್ಯೂಟರುಗಳ ತಂತಿಗಳೂ ಉಗ್ರಾಣದ ಗೋಡೆಯ ಮೇಲಿದ್ದ ಒಂದು ಪೆಟ್ಟಿಗೆಗೆ ಬಂದು ಸೇರುತ್ತಿದ್ದವು. ಅದಕ್ಕೆ ಸ್ವಿಚ್ ಎನ್ನುತ್ತಾರೆ. ಯಾರ ಮಾತನ್ನು ದಾಟಲು ಬಿಡಬೇಕು, ಯಾರದನ್ನು ತಡೆಯಬೇಕು ಎಂದು ಅದಕ್ಕೆ ನಿಯಮ ಹೇಳಿಕೊಡಬಹುದು. ಹೊರಗಿನವರು ಕಚೇರಿಯ ಕಂಪ್ಯೂಟರಿಗೆ ನುಗ್ಗಬಾರದು ಎಂದು ಶಿಷ್ಯ ಬೆಳಿಗ್ಗೆ ನಿಯಮ ಬರೆದ. ಆಗಿನಿಂದ ಕಚೇರಿಯ ಮಾತು ಒಂದೂ ಹೊರಗೆ ಹೋಗಲಿಲ್ಲ. ಸರಿಪಡಿಸೋಣವೆಂದು ತನ್ನ ಕಂಪ್ಯೂಟರಿನಿಂದ ಮಾತಾಡಿಸಿದರೆ ಪೆಟ್ಟಿಗೆ ಅವನನ್ನೇ ಹತ್ತಿರ ಸೇರಿಸಲಿಲ್ಲ.

“ಅದಕ್ಕೆ ಬುದ್ಧಿ ಇಲ್ಲ, ಬುದ್ಧಿ. ಅಪ್ಪಣೆಯಾದರೆ ಕಿತ್ತು, ಕೊಟ್ಟವರಿಗೇ ವಾಪಸ್ ಕಳಿಸಿಬಿಡುತ್ತೇನೆ” ಎಂದ.

“ಕೀಳುವುದಕ್ಕೆ ಏನು ಅವಸರ? ಕೂತುಕೋ ಮರಿ” ಎಂದು ಗುರುಗಳು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನಿಗೆ ಒಬ್ಬಳೇ ಮಗಳು, ಒಬ್ಬನೇ ಷಡ್ಡಕ. ಷಡ್ಡಕನೆಂದರೆ ಹೆಂಡತಿಯ ಅಕ್ಕನ ಗಂಡ. ಮಗಳನ್ನು ಕಂಡರೆ ಎಷ್ಟು ಪ್ರೀತಿಯೋ ಷಡ್ಡಕನನ್ನು ಕಂಡರೆ ಅಷ್ಟೇ ಭಯ. ಕೆಟ್ಟವನಲ್ಲ, ಪಾಪ. ಆದರೆ ಅವನ ಬಾಯಿಗೆ ಅಗುಳಿ ಇರಲಿಲ್ಲ. ಹಿಂದೊಮ್ಮೆ ಹುಡುಗಿಯನ್ನು ನೋಡಲು ಬಂದವರ ಎದುರು ಕೂತು, “ನಮ್ಮ ಹುಡುಗಿ ಅಪರಂಜಿ. ಸಿಟ್ಟು ಬಂದರೆ ಮಾತ್ರ ಅವರಪ್ಪನ ಹಾಗೇ ಪಾತ್ರೆ ಎಸೀತಾಳೆ. ಗುರಿ ತಪ್ಪೋದೇ ಇಲ್ಲ” ಎಂದು ಹೊಗಳಿದ್ದ. ಬಂದವರು ಕಾಫಿ ಲೋಟ ಮೆಲ್ಲಗೆ ಕೆಳಗಿಟ್ಟು ಎದ್ದುಹೋದರು. ಹುಡುಗಿ ಆಮೇಲೆ ಬಹಳ ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಈಗ ಮತ್ತೊಂದು ಸಂಬಂಧ ಕೂಡಿಬಂದಿತ್ತು. ಹುಡುಗನನ್ನು ಹುಡುಗಿ ಒಪ್ಪಿದ್ದಳು. ಬೀಗರು ಬಂದು ನಡುಮನೆಯಲ್ಲಿ ಕೂತಿದ್ದರು. ಮುಹೂರ್ತ ಮೀರುವುದರೊಳಗೆ ತಾಂಬೂಲ ಬದಲಾಯಿಸಿಕೊಂಡರೆ ಮಾತು ಗಟ್ಟಿಯಾಗುತ್ತಿತ್ತು. ಇದೂ ತಪ್ಪಿದರೆ ಮಗಳ ಮುಖವನ್ನು ಹೇಗೆ ನೋಡುವುದು ಎಂದು ವರ್ತಕನಿಗೆ ಚಿಂತೆ. ಷಡ್ಡಕನಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಆದರೆ ಹೋಳಿಗೆಯ ವಾಸನೆಗೆ ಕರೆಯೋಲೆ ಬೇಕೇ?

ಹಳೆಯ ಕಾವಲುಗಾರನನ್ನು ಷಡ್ಡಕ ಎರಡು ಸಿಹಿಮಾತಿನಲ್ಲೇ ಕರಗಿಸಿಬಿಡುತ್ತಿದ್ದ. ಅದಕ್ಕೇ ವರ್ತಕ ಹೊಸಬನೊಬ್ಬನನ್ನು ಹುಡುಕಿ ತಂದಿದ್ದ. ಇವನು ಹೇಳಿದ್ದಕ್ಕಿಂತ ಒಂದಿಂಚು ಹೆಚ್ಚು ಮಾಡುವವನಲ್ಲ, ಒಂದಿಂಚು ಕಡಿಮೆ ಮಾಡುವವನೂ ಅಲ್ಲ. ಅವನನ್ನು ಬಾಗಿಲಲ್ಲಿ ನಿಲ್ಲಿಸಿ ವರ್ತಕ ಹೇಳಿದ:

“ನೋಡಯ್ಯ, ಬರ್ತೀನಿ ಎಂದವರನ್ನು ಬಿಡಬೇಡ. ಹೋಗ್ತೀನಿ ಎಂದವರನ್ನು ತಡೆಯಬೇಡ. ಈ ಮಾತುಗಳನ್ನು ನಾನು ಹೇಳಿದ ಸಾಲಿನಲ್ಲೇ ಒಂದೊಂದಾಗಿ ನೋಡಿಕೊಂಡು ಹೋಗು. ಮೊದಲು ಯಾವ ಮಾತು ಹೊಂದುತ್ತದೋ ಅದೇ ಕೊನೆ, ಮುಂದಿನದನ್ನು ಯೋಚಿಸಲೇಬೇಡ. ಯೋಚಿಸಿದರೆ ಕರಗುತ್ತೀ.”

“ಎರಡೂ ಅನ್ನದವರು ಸ್ವಾಮಿ?”

“ಬೇಡವೇ ಬೇಡ. ಇನ್ನೊಂದು. ನನ್ನೊಬ್ಬನ ಅಪ್ಪಣೆ ಕೇಳು, ಅದನ್ನೂ ಒಳಗಿನಿಂದ ಹೇಳಿದರೆ ಮಾತ್ರ. ಹೊರಗೆ ನಿಂತವನು ನಾನೇ ಯಜಮಾನ ಎಂದರೂ ಕಿವಿಗೆ ಹಾಕಿಕೊಳ್ಳಬೇಡ. ಆ ಷಡ್ಡಕ ನನ್ನ ಹಾಗೇ ಧ್ವನಿ ತೆಗೆದು ಮಾತಾಡುತ್ತಾನೆ.”

ಇಷ್ಟು ಹೇಳಿ ವರ್ತಕ ಮೀಸೆ ನೇವರಿಸಿಕೊಂಡು ಒಳಗೆ ಹೋಗಿ ಕೂತ. ಇಂಥ ಭದ್ರ ಬಾಗಿಲು ಅರಮನೆಗೂ ಇಲ್ಲ ಎಂದುಕೊಂಡ.

ಸ್ವಲ್ಪ ಹೊತ್ತಿಗೆ ಬೀಗರ ಬಾಯಲ್ಲಿ ಎಲೆಯಡಿಕೆಯ ರಸ ತುಂಬಿತು. ಉಗುಳಿ ಬರೋಣವೆಂದು ಕೆಳತುಟಿ ಮುಂದೆ ಮಾಡಿಕೊಂಡು ಎದ್ದರು. ನಮ್ಮ ಜನ ಮನೆಯಿಂದ ಹೊರಡುವಾಗ ಏನನ್ನುತ್ತಾರೆ, ಮರಿ? ಶುಭದ ದಿನ ಬಾಗಿಲಲ್ಲಿ ನಿಂತು ಹೋಗ್ತೀನಿ ಎನ್ನುವ ಪಾಪಿ ಯಾರಿದ್ದಾನೆ? ಬೀಗರೂ ಮರ್ಯಾದಸ್ಥರು. ಕತ್ತು ಮೇಲೆತ್ತಿ, ರಸ ಚೆಲ್ಲದ ಹಾಗೆ, “ಬತ್ತೀನಪ್ಪಾ” ಎಂದರು.

ಕಾವಲುಗಾರ ಕೋಲು ಅಡ್ಡ ಹಿಡಿದ.

ಗದ್ದಲ ಕೇಳಿ ವರ್ತಕ ಓಡಿಬಂದ. “ಲೇ, ಅವರು ಹೊರಗೆ ಹೋಗುವವರು ಕಣೋ! ನಾನು ಹೇಳಿದ್ದು ಒಳಗೆ ಬರುವವರಿಗೆ!”

“ನಾನು ನಿಂತಿರೋದು ಬಾಗಿಲಲ್ಲಿ, ಸ್ವಾಮಿ. ಆ ಕಡೆಯಿಂದ ಬಂದರೂ ನನ್ನ ಹತ್ತಿರವೇ ಬರ್ತಾರೆ, ಈ ಕಡೆಯಿಂದ ಬಂದರೂ ನನ್ನ ಹತ್ತಿರವೇ ಬರ್ತಾರೆ. ಯಾವ ಕಡೆ ಅಂತ ತಾವು ಹೇಳಲಿಲ್ಲ.”

ವರ್ತಕನಿಗೆ ಮೈ ಉರಿಯಿತು. ಮೊದಲು ಹೇಳಿದ್ದನ್ನು ತಿದ್ದಿದ್ದರೆ ಮುಗಿಯುತ್ತಿತ್ತು. ಆದರೆ ಬೀಗರ ಎದುರು ತನ್ನ ಮಾತು ತಪ್ಪು ಎನ್ನುವುದು ಹೇಗೆ? “ಆಯಿತು, ಇನ್ನೊಂದು ಮಾತು ಸೇರಿಸಿಕೋ. ಬೀಗರನ್ನು ಬಿಡು” ಎಂದ. ಕಾವಲುಗಾರ ತಲೆಯಾಡಿಸಿದ. ಬೀಗರು ಮತ್ತೆ ಕತ್ತೆತ್ತಿ “ಬತ್ತೀನಿ” ಎಂದರು. ಕೋಲು ಮತ್ತೆ ಅಡ್ಡ ಬಂತು. ಹೊಸ ಮಾತು ಸಾಲಿನ ಕೊನೆಯಲ್ಲಿತ್ತು, ಮೊದಲನೆಯದೇ ಹೊಂದಿದ ಮೇಲೆ ಅಲ್ಲಿಯವರೆಗೆ ಹೋಗುವವರು ಯಾರು? ಬೀಗರು ಬಾಯಲ್ಲಿದ್ದುದನ್ನು ನುಂಗಿಕೊಂಡು, ಹೋಗಿ ಕೂತರು. ಅವರ ಮುಖ ನೋಡಿ ಹುಡುಗಿಯ ಮುಖ ಬಾಡಿತು.

ಅಷ್ಟರಲ್ಲಿ ಹೆಂಡತಿ ಒಳಗಿನಿಂದ, “ಅಯ್ಯೋ ರಾಮ, ತಾಂಬೂಲದ ಎಲೆ ಅಂಗಡಿಯಲ್ಲೇ ಉಳೀತಲ್ರೀ!” ಎಂದು ಕೂಗಿದಳು. ಯಾರನ್ನು ಕಳಿಸುವುದು? ಕಳಿಸಿದರೆ ಅವರೂ ಬರ್ತೀನಿ ಎನ್ನುತ್ತಾರೆ. ವರ್ತಕ ಹಲ್ಲು ಕಡಿದು, “ಥೂ! ನಿನ್ನ ಹತ್ತಿರ ಗಂಟಲು ಹರಿದುಕೊಳ್ಳೋದಕ್ಕಿಂತ ನಾನೇ ಹೋಗ್ತೀನಿ!” ಎಂದುಬಿಟ್ಟ.

ಕಾವಲುಗಾರ ವಿನಯದಿಂದ ದಾರಿ ಬಿಟ್ಟ.

“ಬಿಡ್ತು ಅನ್ರೀ!” ಎಂದು ಹೆಂಡತಿ ಬಾಯಿ ಬಾಯಿ ಬಡಿದುಕೊಂಡಳು. “ಮಗಳ ತಾಂಬೂಲದ ದಿನ ಬಾಗಿಲಲ್ಲಿ ನಿಂತು ಎಂಥ ಮಾತು! ಇನ್ನೊಂದು ಸಲ ಅಂದರೆ ನಾನು ತವರಿಗೆ ಹೊರಟೆ!” ವರ್ತಕ ಕೆನ್ನೆ ಕೆನ್ನೆ ಬಡಿದುಕೊಂಡು ಅಂಗಡಿಗೆ ಓಡಿದ.

ಎಲೆಯ ಕಟ್ಟು ಹಿಡಿದು ಏದುಸಿರು ಬಿಡುತ್ತಾ ಬಂದ. “ದಾರಿ ಬಿಡಯ್ಯ, ಬರ್ತೀನಿ” ಎಂದ. ಕೋಲು ಅಡ್ಡ. “ನಾನು ಯಜಮಾನ ಕಣೋ!” ಎಂದ. ಅದನ್ನು ಕಿವಿಗೆ ಹಾಕಿಕೊಳ್ಳಬಾರದೆಂದು ಅಪ್ಪಣೆಯಾಗಿತ್ತು. ಮೊದಲ ಮಾತು ಅಳಿಸಿಹಾಕು ಎಂದ. ಹೊರಗೆ ನಿಂತವರ ಅಪ್ಪಣೆ ನಡೆಯುತ್ತಿರಲಿಲ್ಲ. ಮಾತಿಲ್ಲದೆ ಸುಮ್ಮನೆ ನುಸುಳಲು ನೋಡಿದ. ಎರಡೂ ಅನ್ನದವರು ಬೇಡವೇ ಬೇಡ. ಕಾವಲುಗಾರನಿಗೇ ಕನಿಕರ ಬಂದು, “ಹೋಗ್ತೀನಿ ಅಂತ ಒಂದು ಮಾತು ಅಂದುಬಿಡಿ, ಸ್ವಾಮಿ” ಎಂದ. ವರ್ತಕ ಬಾಯಿ ತೆರೆದ. ಬಾಗಿಲ ಸಂದಿಯಲ್ಲಿ ಹೆಂಡತಿಯ ಕಣ್ಣು ಕಂಡಿತು. ಬಾಯಿ ಮುಚ್ಚಿಕೊಂಡ.

ಆ ಹೊತ್ತಿಗೆ ಸರಿಯಾಗಿ ಷಡ್ಡಕ ಬಂದ. ಅವನಿಗೆ ಶುಭವೂ ಇಲ್ಲ, ಅಶುಭವೂ ಇಲ್ಲ. “ಸರಿಯೋ ಆಚೆ, ಎಲೆ ಹಾಕಿರ್ತಾರೆ, ಒಳಗೆ ಹೋಗ್ತೀನಿ” ಎಂದ. ಹೋದ.

ಮುಹೂರ್ತ ಮೀರುತ್ತಿತ್ತು. ಎಲೆಯ ಕಟ್ಟನ್ನು ಕಿಟಕಿಯಲ್ಲಿ ಒಳಗೆ ತೂರಿಸಿದರು. ಹುಡುಗಿಯ ಕಡೆಯಿಂದ ಹಿರಿಯರೊಬ್ಬರು ಬೇಗ ಕೂರಬೇಕು ಎಂದರು ಪುರೋಹಿತರು. ಒಳಗಿದ್ದ ಹಿರಿಯನೆಂದರೆ ಷಡ್ಡಕನೊಬ್ಬನೇ. ಅಪ್ಪನ ಮಣೆಯ ಮೇಲೆ ಅವನು ಕೂತ. ವರ್ತಕ ಹೊರಗಿನಿಂದ ಕಿಟಕಿಯ ಸರಳು ಹಿಡಿದು, ಇವನು ಈಗ ಬಾಯಿ ಬಿಟ್ಟಾನು, ಪಾತ್ರೆಯ ಸುದ್ದಿ ಎತ್ತಿಯಾನು ಎಂದು ಅವನ ಬಾಯನ್ನೇ ನೋಡುತ್ತಾ ನಿಂತ. ದೇವರು ದೊಡ್ಡವನು. ಷಡ್ಡಕ ಅಡುಗೆಮನೆಗೆ ಮೊದಲು ಹೋಗಿಬಂದಿದ್ದ. ಬಾಯ್ತುಂಬಾ ಹೋಳಿಗೆ ಇತ್ತು. ಬೀಗರು ಕೇಳಿದ್ದಕ್ಕೆಲ್ಲ ತಲೆಯಾಡಿಸಿದ. ತಾಂಬೂಲ ಕೈ ಬದಲಾಯಿತು. ಹುಡುಗಿ ನಕ್ಕಳು. ಆ ನಗುವನ್ನು ಅಪ್ಪ ಸರಳಿನ ಸಂದಿಯಿಂದ ನೋಡಿ ಕಣ್ಣೊರೆಸಿಕೊಂಡ.

ಎಲ್ಲ ಮುಗಿದ ಮೇಲೆ ವರ್ತಕ ಕಾವಲುಗಾರನ ಕಿವಿಯಲ್ಲಿ, ಯಾರಿಗೂ ಕೇಳಿಸದ ಹಾಗೆ, “ಹೋಗ್ತೀನಪ್ಪಾ” ಎಂದ. ದಾರಿ ಸಿಕ್ಕಿತು. ತಲೆ ತಗ್ಗಿಸಿಕೊಂಡು ನಡುಮನೆಗೆ ಬಂದ. ಷಡ್ಡಕ ಹೋಳಿಗೆ ನುಂಗಿ, ಮಣೆಯ ಮೇಲಿಂದಲೇ ಕೈ ಬೀಸಿದ:

“ಬಾರಯ್ಯ, ಬಾ. ಸಂಕೋಚ ಬೇಡ. ನಿನ್ನ ಮನೆ ಅಂತಲೇ ತಿಳ್ಕೋ.”

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು. ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. “ಎಂಥ ವರ್ತಕ, ಬುದ್ಧಿ! ಯಾವ ಕಡೆಯಿಂದ ಎಂದು ಒಂದು ಮಾತು ಹೇಳಲು ಇವನಿಗೇನು ದಾಡಿ? ನನ್ನ ನಿಯಮ ಹಾಗಿಲ್ಲ, ಸ್ಪಷ್ಟವಾಗಿದೆ. ದೋಷ ಇರುವುದು ಪೆಟ್ಟಿಗೆಯಲ್ಲೇ. ಇವತ್ತೇ ಕಿತ್ತುಬಿಡುತ್ತೇನೆ” ಎಂದು ಎದ್ದು, ಕಾಲಿಗೆ ನಮಸ್ಕರಿಸಿ, ಬಾಗಿಲ ಬಳಿ ತಿರುಗಿ ನಿಂತು, “ಬರ್ತೀನಿ, ಬುದ್ಧಿ” ಎಂದ.

ಗುರುಗಳು ಕೇಳಿದರು: “ಒಳಕ್ಕೋ ಮರಿ, ಹೊರಕ್ಕೋ?”